ಕಣಿವೆಯ ಕಾಡುಬೆಕ್ಕಿನ ಮರಿಗಳು

ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಒಮಾನಿನ ನಿಜ್ವಾ ಊರಲ್ಲಿ ನಮ್ಮವರಿರುವ ಬಿಲ್ಡಿಂಗುಗಳ ಕೆಳಗೆ ಬೆಕ್ಕುಗಳು ಹೆಚ್ಚುತ್ತವೆ. ಕೆಲಸ ಮುಗಿಸಿ ಎಕ್ಸಿಟ್‌ನಲ್ಲಿ, ಅಂದರೆ ವೀಸಾ ರದ್ದು ಮಾಡಿಸಿಕೊಂಡು, ಊರಿಗೆ ಹೊರಟವರು ಸಾಕಿದ ಬೆಕ್ಕನ್ನು ಬಾಗಿಲ ಹೊರಗೆ ಬಿಟ್ಟು ವಿಮಾನ ಹತ್ತುತ್ತಾರೆ. ನಾಚಿಕೆಗೇಡಿನ ವಿಷಯ, ಆದರೂ ನಡೆಯುತ್ತದೆ. ಹಾಗೆ ಬಿಟ್ಟ ಬೆಕ್ಕುಗಳಿಗೆ ಮೀನಿನ ತಲೆ ಹಾಕಿ ಸಾಕುವವಳು ಉಡುಪಿ ಕಡೆಯ ಜೊವಿಟಾ.

ಒಂದು ಶುಕ್ರವಾರ ಅವಳು ಗಂಡ ಆಲನ್ ಜೊತೆ ಊರಾಚೆಯ ಕಲ್ಲುಕಣಿವೆಗೆ ಪಿಕ್‌ನಿಕ್‌ಗೆ ಹೋದಳು. ಅಲ್ಲಿ ಬಂಡೆಯ ಸಂದಿಯಲ್ಲಿ ಎರಡು ಮರಿಗಳು ಕಂಡವು. ಅಯ್ಯೋ ಪಾಪ ಎಂದು ಮಡಿಲಿಗೆ ಹಾಕಿಕೊಂಡು, ಚಹಾಕ್ಕೆ ತಂದಿದ್ದ ಹಾಲನ್ನು ಚಮಚದಲ್ಲಿ ಕುಡಿಸಿದಳು. ಆಗಲೇ ನೆರೆಮನೆಯ ವೇದಾವತಿ ತಮ್ಮ ಕಾರಿನಲ್ಲಿ ಬಂದು ಸೇರಿದರು. ಅವರು ಮೈಸೂರಿನವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ.

"ಎಕ್ಸಿಟ್ ಹೋದವರು ಯಾರೋ ಬಿಟ್ಟದ್ದು, ವೇದಕ್ಕ. ಇಂಥ ಜಾಗದಲ್ಲಿ ಬಿಡ್ಲಿಕ್ಕೆ ಮನಸ್ಸಾದ್ರೂ ಹೇಗೆ ಬಂತು?" ಎಂದಳು ಜೊವಿಟಾ.

ಆಲನ್ ಫೋನು ಮುಂದೆ ಹಿಡಿದ. "ಫೋಟೊ ಹಾಕಿ ನೋಡಿದೆ. ಅಮೆರಿಕದ ಕಾಡಿನ ಬಾಬ್‌ಕ್ಯಾಟ್ ಅಂತ ಬರ್ತದೆ. ಯಾರೋ ದುಡ್ಡಿದ್ದವರು ತರಿಸಿದ್ದಿರ್ಬೇಕು."

ವೇದಾವತಿ ಮರಿಗಳನ್ನು ಬಗ್ಗಿ ನೋಡಿದರು. "ಕಿವಿ ತುದಿಯ ಕೂದಲು ನೋಡಿ ಫೋನು ಮೋಸ ಹೋಗಿದೆ. ಬಾಬ್‌ಕ್ಯಾಟಿಗೆ ಮೈಮೇಲೆ ಚುಕ್ಕೆ ಇರುತ್ತೆ, ಬಾಲ ಮೋಟು. ಅಲ್ಲಿನದೇ ಇನ್ನೊಂದು ಕಾಡುಬೆಕ್ಕು ಪೂಮಾಗೆ ಬಾಲ ಉದ್ದ, ಕಿವಿಯಲ್ಲಿ ಜುಟ್ಟು ಇರಲ್ಲ. ಇದರ ಮೈ ನೋಡಿ, ಮರಳಿನ ಬಣ್ಣ. ಬಾಲ ಮೋಟೂ ಅಲ್ಲ, ಅಷ್ಟು ಉದ್ದವೂ ಅಲ್ಲ. ಕಿವಿಯ ಹಿಂಭಾಗ ಕಪ್ಪು. ಇದು ಕ್ಯಾರಕಲ್, ಈ ಬೆಟ್ಟಗಳದ್ದೇ ಕಾಡುಬೆಕ್ಕು. ಯಾರೂ ಬಿಟ್ಟು ಹೋಗಿಲ್ಲ."

"ಮತ್ತೆ ತಾಯಿ ಎಲ್ಲುಂಟು?"

"ಬೇಟೆಗೆ ಹೋಗಿರಬಹುದು. ಇಲ್ಲೇ ಎಲ್ಲೋ ಅಡಗಿಕೊಂಡೂ ಇರಬಹುದು. ನಾವಿರೋವರೆಗೂ ಹತ್ತಿರ ಬರಲ್ಲ."

ಜೊವಿಟಾಗೆ ನಂಬಿಕೆ ಬರಲಿಲ್ಲ. "ಬಿಟ್ರೆ ಸಾಯ್ತವೆ ಅಕ್ಕ. ಎಷ್ಟು ಬೆಕ್ಕು ಸಾಕ್ಲಿಲ್ಲ ನಾನು? ಇವನ್ನೂ ಸಾಕ್ತೇನೆ."

"ಬೇಟೆ ಯಾರು ಕಲಿಸ್ತಾರೆ? ದೊಡ್ಡದಾದ ಮೇಲೆ ಮನೆಯವರನ್ನೇ ಕಚ್ಚಿದರೆ? ಕಾಡಿನ ಪ್ರಾಣಿ ಹಿಡಿಯೋದು ಇಲ್ಲಿ ಕಾನೂನಿಗೂ ವಿರುದ್ಧ."

ಮಾತು ಮುಗಿಯುವ ಮೊದಲೇ ಚಿಕ್ಕ ಮರಿ ಕೆಮ್ಮಿತು. ಮೂಗಿನಿಂದ ಹಾಲು ಬಂತು. ವೇದಾವತಿ ಅದನ್ನು ತಲೆಕೆಳಗಾಗಿ ಹಿಡಿದು ಬೆನ್ನು ಉಜ್ಜಿದರು, ಆದರೆ ಉಸಿರು ಮರಳಲಿಲ್ಲ.

"ಅಂಗಾತ ಮಲಗಿಸಿ ಕುಡಿಸಿದ್ರಾ?" ಎಂದು ಮೆಲ್ಲಗೆ ಕೇಳಿದರು.

ಜೊವಿಟಾ ಹೌದೆಂದು ತಲೆಯಾಡಿಸಿದಳು. ಹಸಿವಾಗಿದೆಯೆಂದು ಕೊಟ್ಟ ಹಾಲು ಶ್ವಾಸಕೋಶಕ್ಕೆ ಇಳಿದಿತ್ತು.

ಬದುಕಿದ್ದ ಮರಿಯನ್ನೂ ಸತ್ತ ಮರಿಯನ್ನೂ ಅದೇ ಸಂದಿಯಲ್ಲಿಟ್ಟು ಮೂವರೂ ದೂರ ಹೋಗಿ ಕಾರಿನಲ್ಲಿ ಸದ್ದಿಲ್ಲದೆ ಕುಳಿತರು. ಬಿಸಿಲು ಇಳಿಯುವ ಹೊತ್ತಿಗೆ ಎದುರಿನ ಬಂಡೆಯ ಹಿಂದಿನಿಂದಲೇ ತಾಯಿ ಎದ್ದು ಬಂತು. ಮೊದಲು ಸತ್ತದ್ದನ್ನು ನೆಕ್ಕಿತು. ಮೂಗಿನಿಂದ ತಳ್ಳಿತು. ಮತ್ತೆ ನೆಕ್ಕಿತು. ಕೊನೆಗೆ ಬದುಕಿದ್ದರ ಕುತ್ತಿಗೆಯನ್ನು ಕಚ್ಚಿ ಎತ್ತಿಕೊಂಡು ಬೆಟ್ಟ ಹತ್ತಿತು.

"ಇಲ್ಲೇ ಇತ್ತಲ್ಲ ಅಕ್ಕ," ಎಂದಳು ಜೊವಿಟಾ. "ನಾನು ಹಾಲು ಕುಡಿಸುವಾಗ ನೋಡ್ತಾ ಇತ್ತಲ್ಲ." ಆಲನ್ ಫೋನನ್ನು ಜೇಬಿಗೆ ಹಾಕಿಕೊಂಡ.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಣಿವೆಯಲ್ಲಿ ಮರಿ ಕಂಡರೆ ಮುಟ್ಟಬೇಡಿ, ಏನನ್ನೂ ಕುಡಿಸಬೇಡಿ. ಕಿವಿ, ಮೈಬಣ್ಣ, ಬಾಲ ಮೂರನ್ನೂ ದೂರದಿಂದಲೇ ನೋಡಿ. ಗಾಯವಾಗಿದ್ದರೆ ಪರಿಸರ ಇಲಾಖೆಯವರಿಗೆ ತಿಳಿಸಿ. ಇಲ್ಲವಾದರೆ ಅಲ್ಲಿಂದ ಎದ್ದು ಹೋಗಿ. ಆ ಮರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅದೇ.