ಉದ್ದ ಸೀಟಿ

ನಮ್ಮಪ್ಪ ಜಂಬಪ್ಪನನ್ನು ಚಿತ್ತವಾಡ್ಗಿಯ ಆ ಸಭಾಂಗಣಕ್ಕೆ ಕರೆದೊಯ್ಯಲು ನನಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ. ಅದರ ಹಿಂದೆಯೇ ಕಾಲುವೆ. ಮರೆವಿನ ಕಾಯಿಲೆಯವರನ್ನು ಕೂಡಿಸಿ ಕುಣಿಸುವುದಕ್ಕೆ ಇಡೀ ಹೊಸಪೇಟೆಯಲ್ಲಿ ಬೇರೆ ಜಾಗವೇ ಸಿಗಲಿಲ್ಲವೇ ಎಂದು ನಾನು ಗೊಣಗದ ದಿನವಿಲ್ಲ. ಅಪ್ಪ ಒಮ್ಮೆ ಮನೆಯಿಂದ ತಪ್ಪಿಸಿಕೊಂಡು, ಸಂಡೂರಿನ ಬಸ್ಸು ಹುಡುಕುತ್ತ ನಿಲ್ದಾಣದಲ್ಲಿ ಸಿಕ್ಕಿದ್ದ. ಅಂದಿನಿಂದ ನಾನು ಅವನನ್ನು ಕಣ್ಣಮುಂದಿನಿಂದ ಕದಲಲು ಬಿಡುತ್ತಿರಲಿಲ್ಲ.

ಅಲ್ಲಿ ನಾಟಕ ಮಾಡಿಸುತ್ತಿದ್ದವರು ಸುಕನ್ಯಾ ಮೇಡಂ. ಮೊದಲು ಉಸಿರಿನ ಆಟ: ಮೂಗಿನಿಂದ ಹೂವಿನ ವಾಸನೆ ಎಳೆದುಕೊಳ್ಳಬೇಕು, ಬಾಯಿಂದ ದೀಪ ಆರದ ಹಾಗೆ ಮೆಲ್ಲಗೆ ಊದಬೇಕು. ಹೂವೂ ಇಲ್ಲ, ದೀಪವೂ ಇಲ್ಲ! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಆದರೆ ಮನೆಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದ ಅಪ್ಪ ಅಲ್ಲಿ ಕೈ ಎತ್ತುತ್ತಿದ್ದ, ಹೆಜ್ಜೆ ಹಾಕುತ್ತಿದ್ದ. ಅದನ್ನು ಕಂಡಮೇಲೆ ನಾನು ತೆಪ್ಪಗೆ ಕರೆದೊಯ್ಯತೊಡಗಿದೆ.

ಅವತ್ತು ಎಲ್ಲರೂ ತಮ್ಮ ಹಳೆಯ ಕೆಲಸವನ್ನು ನಟಿಸಬೇಕಿತ್ತು. ಕಂಪ್ಲಿಯ ವಿರುಪಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಸಿಮೆಂಟಿನ ನೆಲದಲ್ಲಿ ಭತ್ತ ನಾಟಿ ಮಾಡಿದಳು. ಅಪ್ಪ ಮಾತ್ರ ಸುಮ್ಮನೆ ನಿಂತಿದ್ದ. ಆಟ ನಿಲ್ಲಿಸಲು ಬಾರಿಸುತ್ತಿದ್ದ ಕೈಗಂಟೆ ಕೆಲವರಿಗೆ ಕೇಳಿಸುವುದಿಲ್ಲವೆಂದು ಮೇಡಂ ಹೊಸದಾಗಿ ಒಂದು ಸೀಟಿ ತಂದಿದ್ದರು. ಎಲ್ಲರೂ ಇದ್ದಲ್ಲೇ ನಿಲ್ಲಲಿ ಎಂದು ಅದನ್ನು ತುಂಡು ತುಂಡಾಗಿ ಊದಿದರು.

ಅಪ್ಪ ಸಂಡೂರು ಸೀಮೆಯ ಬಂಡ್ರಿಯ ಕಡೆ ಮ್ಯಾಂಗನೀಸ್ ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದವನು. ಬಂಡೆಗೆ ಮದ್ದು ಹಚ್ಚುವ ಮೊದಲು ತುಂಡು ಸೀಟಿ ಊದುತ್ತಿದ್ದ. ಎಲ್ಲರೂ ಓಡಿ ಮರೆ ಸೇರಬೇಕು. ಮದ್ದು ಸಿಡಿದ ಮೇಲೆ ತಾನೇ ಒಳಗೆ ಹೋಗಿ ನೋಡಿ ಒಂದು ಉದ್ದ ಸೀಟಿ ಊದುತ್ತಿದ್ದ. ಅದು ಕೇಳುವವರೆಗೆ ಯಾರೂ ಕದಲಬಾರದು, ಹೆಸರು ಹಿಡಿದು ಕರೆದರೂ ಓಗೊಡಬಾರದು. ಓಗೊಡುವವನು ತಲೆ ಎತ್ತುತ್ತಾನೆ, ಎತ್ತಿದ ತಲೆಗೆ ಕಲ್ಲು ಬೀಳುತ್ತದೆ. ಚಿಕ್ಕಂದಿನಲ್ಲಿ ಅವನಿಗೆ ಬುತ್ತಿ ಒಯ್ಯುತ್ತಿದ್ದ ನನಗೂ ಇದನ್ನು ಬಂಡೆಯ ಹಿಂದೆ ಕೂರಿಸಿ ಕಲಿಸಿದ್ದ. ಅಷ್ಟು ಕಲಿತವಳಿಗೆ ಅವತ್ತು ಒಂದೂ ನೆನಪಾಗಲಿಲ್ಲ.

ಸೀಟಿ ಕೇಳಿದ್ದೇ ಅಪ್ಪ ನಾಟಕದ ಬಟ್ಟೆಗಳಿಂದ ಒಂದು ಕೆಂಪು ವಸ್ತ್ರ ಎಳೆದುಕೊಂಡು ಬೀಸಿದ.

“ಮದ್ದು ಹಚ್ಚೇವಿ, ಎಲ್ಲಾರು ಮರಿಗೆ ಹೋಗ್ರಿ.”

ಎಂಥ ದನಿ ಅದು! ಎಲ್ಲರೂ ಚಪ್ಪಾಳೆ ತಟ್ಟಿದರು. ನಾನಂತೂ ಹಿಗ್ಗಿ ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದೆ. ಅವನು ವಿರುಪಮ್ಮನ ಕೈ ಹಿಡಿದು ಹಿಂಬಾಗಿಲಿನಿಂದ ಹೊರಗೆ ಹೋದಾಗಲೂ ಇದು ನಟನೆಯೇ, ಈಗ ತಿರುಗಿ ಬರುತ್ತಾನೆ ಎಂದುಕೊಂಡೆ. ಬರಲಿಲ್ಲ.

ಓಡಿಹೋಗಿ ನೋಡಿದರೆ ಕಾಲುವೆಯ ಮೆಟ್ಟಿಲ ಮೇಲೆ ವಿರುಪಮ್ಮನ ಒಂದು ಚಪ್ಪಲಿ. ಅಪ್ಪಾ ಎಂದು ಕೂಗಿದೆ, ಮೇಡಂ ವಿರುಪಮ್ಮನನ್ನು ಕೂಗಿದರು. ಉತ್ತರವಿಲ್ಲ. ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು.

ಸ್ವಲ್ಪ ಕೆಳಗೆ ಸಣ್ಣ ಸೇತುವೆಯೊಂದಿತ್ತು. ಅದರ ಕಲ್ಲಿಗೆ ಕೆಂಪು ವಸ್ತ್ರ ಸಿಕ್ಕಿಕೊಂಡಿತ್ತು. ಬಗ್ಗಿ ನೋಡಿದೆ. ಸೇತುವೆಯಡಿಯ ಕತ್ತಲಲ್ಲಿ, ಮೊಣಕಾಲುದ್ದ ನೀರು ಹರಿಯುತ್ತಿದ್ದ ಅಂಚುಗಟ್ಟೆಯ ಮೇಲೆ, ಅಪ್ಪ ವಿರುಪಮ್ಮನನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದ. ಅವಳ ತಲೆಯ ಮೇಲೆ ತನ್ನ ಎರಡೂ ಕೈ ಇಟ್ಟಿದ್ದ. ಅವಳು ಸದ್ದಿಲ್ಲದೆ ಅಳುತ್ತಿದ್ದಳು. ನಾನು ಕರೆದಷ್ಟೂ ಅವನು ಅವಳ ತಲೆಯನ್ನು ಇನ್ನಷ್ಟು ತಗ್ಗಿಸಿದ. ಮೇಡಂ ಇಳಿಯಲು ಹೋದರೆ ಹಿಂದೆ ಸರಿದ.

ಆಗ ಆ ಉದ್ದ ಸೀಟಿ ನೆನಪಾಯಿತು. ಮೇಡಂ ಕೊರಳಿನ ಸೀಟಿ ಕಿತ್ತುಕೊಂಡು ಊದಿದೆ. ತುಟಿ ಅದುರುತ್ತಿತ್ತು, ಉಸಿರು ಹಿಡಿತಕ್ಕೆ ಬರಲೊಲ್ಲದು. ಸದ್ದು ತುಂಡು ತುಂಡಾಗಿ ಹೊರಬಂತು. ಅಪ್ಪ ಬೆಚ್ಚಿ ವಿರುಪಮ್ಮನನ್ನು ಇನ್ನೂ ಒಳಗೆ ಎಳೆದ. ನೀರು ಸೊಂಟಕ್ಕೆ ಬಂತು. ಇನ್ನೊಂದು ಮದ್ದು ಸಿಡಿಯುತ್ತದೆ ಎಂದು ನಾನೇ ಅವನಿಗೆ ಹೇಳಿಬಿಟ್ಟಿದ್ದೆ.

ಮೇಡಂ ನನ್ನ ಬೆನ್ನ ಮೇಲೆ ಅಂಗೈ ಇಟ್ಟರು.

“ದೇವಿಕಾ, ಹೂವಿನ ವಾಸನೆ ತಗೋರಿ.”

ಮೂಗಿಗೆ ಬಂದದ್ದು ಕಾಲುವೆಯ ರಾಡಿಯ ವಾಸನೆ. ಅದನ್ನೇ ಎದೆ ತುಂಬ ಎಳೆದುಕೊಂಡೆ. ದೀಪ ಆರಬಾರದು, ದೀಪ ಆರಬಾರದು ಎಂದುಕೊಳ್ಳುತ್ತ ಊದಿದೆ. ಸೀಟಿ ಎಲ್ಲೂ ಕಡಿಯದೆ ಉದ್ದಕ್ಕೆ ಹೋಯಿತು.

ಅಪ್ಪ ತಲೆ ಎತ್ತಿದ. ಗೋಡೆ ಹಿಡಿದುಕೊಂಡು ವಿರುಪಮ್ಮನನ್ನು ಮೆಲ್ಲಗೆ ನಡೆಸಿ ತಂದ. ನಾವಿಬ್ಬರೂ ಅವರನ್ನು ಮೇಲಕ್ಕೆ ಎಳೆದುಕೊಂಡೆವು. ನಾಟಿ ಅರ್ಧಕ್ಕೆ ಬಿಡಿಸಿದನೆಂದು ವಿರುಪಮ್ಮ ಅಳುತ್ತಲೇ ಅವನನ್ನು ಬೈದಳು. ಮೇಡಂ ಅವಳನ್ನು ತಬ್ಬಿ ಕೂರಿಸಿಕೊಂಡರು. ಮುಗಿಯಿತು ಎಂದು ನಾನು ಅಪ್ಪನ ಕೈ ಹಿಡಿದೆ. ಅವನು ಮತ್ತೆ ನೀರಿನ ಕಡೆ ತಿರುಗಿದ.

“ಬಿಡ್ರಿ ಯವ್ವಾ. ನನ್ನ ಮಗಳು ಬುತ್ತಿ ತಂದಿದ್ಲು, ಸಣ್ಣಾಕಿ. ಕರದ್ರ ಓಗೊಡಬ್ಯಾಡ ಅಂತ ನಾನ ಹೇಳೀನಿ. ಅಕಿ ಇನ್ನಾ ಒಳಗ ಕುಂತಾಳ.”

ನಾನೇ ನಿನ್ನ ಮಗಳು ಎಂದೆ. ನನ್ನ ನರೆತ ತಲೆ ನೋಡಿ ಕೈ ಬಿಡಿಸಿಕೊಳ್ಳಲು ಜಗ್ಗತೊಡಗಿದ. ಮುದುಕನಾದರೂ ಗಣಿಯಲ್ಲಿ ದುಡಿದ ಕೈ, ಎಷ್ಟು ಹೊತ್ತು ಹಿಡಿದೇನು? ಬಿಟ್ಟರೆ ನೀರು ಎರಡೇ ಹೆಜ್ಜೆ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆದರೂ ಬಿಟ್ಟೆ. ಸೀಟಿಯನ್ನು ಅವನ ಅಂಗೈಯಲ್ಲಿಟ್ಟು, ದಡದ ಬಟ್ಟೆ ಒಗೆಯುವ ಬಂಡೆಯ ಹಿಂದೆ ಓಡಿ ಕುಕ್ಕರಗಾಲಲ್ಲಿ ಕೂತೆ. ಅವನು ಕಲಿಸಿದ ಹಾಗೆಯೇ ತಲೆಯ ಮೇಲೆ ಕೈ ಇಟ್ಟುಕೊಂಡೆ. ಈಗ ಅವನು ನನಗೆ ಕಾಣುತ್ತಿರಲಿಲ್ಲ. ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ತಲೆ ಎತ್ತಿ ನೋಡಬೇಕೆಂದು ಜೀವ ಬಡಿದುಕೊಂಡಿತು, ಎತ್ತಲಿಲ್ಲ.

ಉದ್ದ ಸೀಟಿ ಕೇಳಿತು. ಒಂದಿಷ್ಟೂ ನಡುಗದ ಸೀಟಿ.

ಎದ್ದು ನಿಂತೆ. ಅಪ್ಪ ನೀರಿಗೆ ಬೆನ್ನು ಮಾಡಿ ನನ್ನ ಕಡೆಗೇ ಬರುತ್ತಿದ್ದ. ಬಂದವನು ನನ್ನ ತಲೆ ಸವರಿ ಏಟು ಬಿದ್ದಿದೆಯೇ ಎಂದು ನೋಡಿದ.

“ಹೆದರಿದೇನವ್ವಾ ದೇವಿ?”

ಭಾಳ ಹೆದರಿದೆ ಅಂದೆ.