ಮೂರು ಸೆಟ್ಟು, ಒಂದು ಕೋಣೆ

ಎಚ್.ಡಿ. ಕೋಟೆಯ ತಾಲ್ಲೂಕು ಕಚೇರಿಯ ಹಿಂದಿನ ಕೋಣೆಯಲ್ಲಿ ಮೂರು ವೈರ್‌ಲೆಸ್ ಸೆಟ್ಟುಗಳಿದ್ದವು. ಒಂದು ಅರಣ್ಯದವರದು, ಒಂದು ಪೊಲೀಸರದು, ಇನ್ನೊಂದು ಕಬಿನಿ ಅಣೆಕಟ್ಟೆಯವರದು. ಸರ್ಕಾರ ಒಂದೇ ಆದರೂ ಇಲಾಖೆಗಳು ಮಾತ್ರ ಪಾಲಾದ ದಾಯಾದಿಗಳು. ಇನ್ನುಮುಂದೆ ಇಲಾಖೆಗೊಂದು ಯಂತ್ರ ಕೊಳ್ಳುವುದು ಬೇಡ, ಇರುವುದನ್ನೇ ಹಂಚಿಕೊಳ್ಳಿ ಎಂದು ಮೂರನ್ನೂ ಕೂಡಿಸಲು ನಂಜುಂಡಸ್ವಾಮಿಯನ್ನು ಮೈಸೂರಿನಿಂದ ಕಳಿಸಿದ್ದರು.

ಅವನು ಸೆಟ್ಟುಗಳನ್ನು ಒಂದು ಕೋಣೆಗೆ ತಂದ, ಅಷ್ಟೆ. ಆಪರೇಟರುಗಳು ಮೂರು ಗೋಡೆಗೆ ಮುಖಮಾಡಿ ಕೂತರು. ಅರಣ್ಯದ ಚಲುವಯ್ಯ ಶುಕ್ರವಾರ ಬಂದರೆ ತನ್ನ ಸೆಟ್ಟಿಗೆ ಕುಂಕುಮ ಇಟ್ಟು ಹೂ ಮುಡಿಸುತ್ತಿದ್ದ. ಪೊಲೀಸಿನ ಮಹದೇವಪ್ಪ ಊಟಕ್ಕೆ ಏಳುವಾಗ ತನ್ನದಕ್ಕೆ ಬೀಗ ಜಡಿಯುತ್ತಿದ್ದ. ಪಕ್ಕದವರ ಸೆಟ್ಟಿನ ಮಾತು ಕಿವಿಗೆ ಬಿದ್ದರೆ ಮೈಲಿಗೆ ಎಂಬಂತೆ ಅಣೆಕಟ್ಟೆಯ ನಂಜಯ್ಯ ಮುಖ ತಿರುಗಿಸುತ್ತಿದ್ದ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಬೇಕೆಂದರೆ ಅದು ಮೈಸೂರಿನ ಸಾಹೇಬರ ಮೇಜುಗಳನ್ನೆಲ್ಲ ಸುತ್ತಿ ಇದೇ ಕೋಣೆಗೆ ಬರಬೇಕಿತ್ತು. ನಂಜುಂಡಸ್ವಾಮಿಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಆಷಾಢದ ನೆರೆ ಬಂತು. ಕಾಡಂಚಿನ ಬುಡಕಟ್ಟು ಹಾಡಿಯ ಬೆಳ್ಳ ಮತ್ತು ಈರ ಹರಿಗೋಲಿನಲ್ಲಿ ಆಚೆ ದಡದ ಅರಣ್ಯ ಕ್ಯಾಂಪಿಗೆ ಅಕ್ಕಿ ಸಾಗಿಸುವಾಗ ಹೊಳೆಯಲ್ಲಿ ಕೊಚ್ಚಿಹೋದರು. ಮಾರನೆಯ ಬೆಳಿಗ್ಗೆ ಬೆಳ್ಳನ ಹೆಂಡತಿ ಕೇತಿ, ಈರನ ಹೆಂಡತಿ ರಂಗಿ ತೊಯ್ದು ತೊಪ್ಪೆಯಾಗಿ ಕಚೇರಿಗೆ ಬಂದರು.

ಅಷ್ಟರಲ್ಲಿ ಅಣೆಕಟ್ಟೆಯ ಸೆಟ್ಟಿನಲ್ಲಿ ಸುದ್ದಿ ಬಂದಿತ್ತು: ಹೊಳೆಯಿಂದ ಒಬ್ಬನನ್ನು ಎತ್ತಿದ್ದೇವೆ, ಜೀವ ಇದೆ, ಹೆಸರು ಹೇಳುತ್ತಿಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸ್ ಸೆಟ್ಟಿನಲ್ಲೂ ಅದೇ ಮಾತು. ಅಣೆಕಟ್ಟೆಯವರು ಠಾಣೆಗೂ ತಿಳಿಸಿರಬೇಕೆಂದು ನಂಜುಂಡಸ್ವಾಮಿ ಅಂದುಕೊಂಡ. ಆ ಕೋಣೆಗೆ ಯಾವ ಸುದ್ದಿಯೂ ಒಂದೇ ಸಲ ಬಂದದ್ದಿಲ್ಲ.

"ಒಬ್ಬ ಉಳಿದಿದ್ದಾನಮ್ಮ. ಯಾರು ಅಂತ ಗೊತ್ತಿಲ್ಲ. ಹೆಸರು ಕೇಳಿದರೆ ಬಾಯಿ ಬಿಡ್ತಿಲ್ಲವಂತೆ," ಎಂದ.

"ಏಳಾಕಿಲ್ಲ ಸಾಮಿ," ಎಂದಳು ಕೇತಿ. "ಒಳೆ ಬಾಯಿಂದ ಬಂದೋನು ಮನೆ ಸೇರೋಗಂಟ ಎಸ್ರು ಏಳ್ಬಾರ್ದು. ಕೇಳುಸ್ಕಂಡ್ರೆ ಒಳೆ ತಿರ್ಗಾ ಕರೀತದೆ."

"ಮತ್ತೆ ಗೊತ್ತುಮಾಡೋದು ಹೇಗೆ?"

"ಕೂಗುದ್ರಾಯ್ತು. ನಮ್ಮಟ್ಟಿ ಕೂಗೇ ಬ್ಯಾರೆ, ಅವ್ಳಟ್ಟಿ ಕೂಗೇ ಬ್ಯಾರೆ."

ಜೇನಿಗೆಂದು ಕಾಡಿಗೆ ಹೋದವರನ್ನು ಆ ಹಾಡಿಯಲ್ಲಿ ಮನೆಮನೆಯವರೂ ತಮ್ಮದೇ ಕೂಗಿನಿಂದ ಕರೆಯುತ್ತಿದ್ದರು. ಆ ಕೂಗಿಗೆ ಆ ಮನೆಯವನು ಮಾತ್ರ ಓಗೊಡಬೇಕು.

ಉಳಿದವನನ್ನು ಎತ್ತಿದ ಮೇಲೆ ಎಲ್ಲಿಗಾದರೂ ಸಾಗಿಸಿರಬಹುದು; ಈಗ ಅಣೆಕಟ್ಟೆಯಲ್ಲಿದ್ದಾನೋ, ಠಾಣೆಯಲ್ಲೋ, ಅರಣ್ಯ ಕ್ಯಾಂಪಿನಲ್ಲೋ ತಿಳಿಯದು. ಮೂರೂ ಸೆಟ್ಟಿನ ಮೈಕುಗಳನ್ನು ಒಟ್ಟಿಗೆ ಹಿಡಿಯಿರಿ ಎಂದ ನಂಜುಂಡಸ್ವಾಮಿ.

"ಅದೆಂಗಾದದು ಸಾರ್? ನಮ್ ಸೆಟ್ಟಲ್ಲಿ ಹೊರಗಿನವ್ರು ಮಾತಾಡಂಗಿಲ್ಲ ಕಣ್ರೀ," ಎಂದ ಮಹದೇವಪ್ಪ.

"ಮಾತಾಡಲ್ಲ ಕಣಯ್ಯ, ಕೂಗ್ತಾಳೆ! ಮೇಲಿನವರು ಕೇಳಿದರೆ ನನ್ನ ಹೆಸರು ಹೇಳು."

ಗೊಣಗುತ್ತಲೇ ಮೂವರೂ ಕುರ್ಚಿ ತಿರುಗಿಸಿದರು. ಅವನು ಅಲ್ಲಿದ್ದರೆ ಸೆಟ್ಟಿನ ಹತ್ತಿರ ತನ್ನಿ ಎಂದು ಆ ತುದಿಯಲ್ಲಿದ್ದವರಿಗೆ ತಿಳಿಸಿ, ಒಟ್ಟಿಗೆ ಗುಂಡಿ ಒತ್ತಿದರು. ಕೇತಿ ಕಣ್ಣು ಮುಚ್ಚಿ ಕೂಗಿದಳು. ಆ ಕೂಗಿಗೆ ಕಿಟಕಿಯ ಸರಳು ಅದುರಿತು. ಗುಂಡಿ ಬಿಟ್ಟರು. ಬರೀ ಗೊರಗೊರ ಸದ್ದು. ಆಮೇಲೆ ಅಣೆಕಟ್ಟೆಯ ಸೆಟ್ಟಿನಿಂದ ಒಡಕು ದನಿಯ ‘ಓ’ ಬಂತು.

ಕೇತಿ ನೆಲಕ್ಕೆ ಕುಸಿದು ಅತ್ತಳು. ನಂಜುಂಡಸ್ವಾಮಿಗೆ ರಂಗಿಯ ಮುಖ ನೋಡಲಾಗಲಿಲ್ಲ. ಉಳಿದಿದ್ದವನು ಒಬ್ಬನೇ. ರಂಗಿ ಬಾಗಿಲ ಕಡೆ ಹೊರಟಳು.

ಕೇತಿ ಎದ್ದು ಅವಳ ರಟ್ಟೆ ಹಿಡಿದಳು. "ನೀನೂ ಕೂಗು."

"ಬುಡು ಕೇತಿ. ಯಾರಿಗೇಂತ ಕೂಗ್ಲಿ?"

"ಕೂಗ್ದೆ ಓಗಬ್ಯಾಡ ಕಣೇ. ಅವ್ನು ಎಲ್ಲವ್ನೋ ಅಲ್ಲಿಗೇ ಕೇಳ್ಲಿ."

ಸತ್ತವನನ್ನು ಕರೆಸಿ ಕೇತಿ ಈ ಹೆಂಗಸನ್ನು ಯಾಕೆ ಕೊಲ್ಲುತ್ತಾಳೆ ಎಂದು ನಂಜುಂಡಸ್ವಾಮಿ ತಡೆಯಲು ಕೈ ಎತ್ತಿದ. ಅಷ್ಟರಲ್ಲಿ ಯಾರೂ ಹೇಳದೆಯೇ ಆಪರೇಟರುಗಳು ಮತ್ತೆ ಗುಂಡಿ ಒತ್ತಿದರು. ರಂಗಿಯ ಕೂಗು ಸಣ್ಣಗೆ ಹೊರಟು, ನಡುವೆ ಮುರಿದು, ಮತ್ತೆ ಏರಿತು.

ಗುಂಡಿ ಬಿಟ್ಟರು. ಅಣೆಕಟ್ಟೆಯ ಸೆಟ್ಟು ಸುಮ್ಮನಿತ್ತು. ಅರಣ್ಯದ್ದೂ ಸುಮ್ಮನಿತ್ತು.

ಪೊಲೀಸ್ ಸೆಟ್ಟು ಓಗೊಟ್ಟಿತು.

ಮಹದೇವಪ್ಪನ ಕೈಯಿಂದ ಮೈಕು ಜಾರಿತು. ಚಲುವಯ್ಯ ಎದ್ದು ನಿಂತು ಕೈಮುಗಿದ, ಯಾರಿಗೆಂದು ಅವನಿಗೂ ತಿಳಿಯದು. ಎರಡು ಸೆಟ್ಟಿನಲ್ಲಿ ಬಂದದ್ದು ಬೇರೆ ಬೇರೆ ಇಬ್ಬರ ಸುದ್ದಿ, ಇಡೀ ಬೆಳಗು ತಾನು ಅದನ್ನು ಒಬ್ಬನದೇ ಎಂದುಕೊಂಡು ಕೂತಿದ್ದೆ ಎಂದು ನಂಜುಂಡಸ್ವಾಮಿಗೆ ಆಗ ಅರಿವಾಯಿತು. ಗಾಳಿಯಲ್ಲಿ ಹೊಳೆ ದಾಟಿ ಹೋಗಿ ಬಂದ ಆ ದನಿಯ ಮುಂದೆ ತನ್ನ ಯೋಜನೆ, ಆಜ್ಞೆ, ಇಲಾಖೆ ಯಾವುದೂ ನೆನಪಿಗೆ ಬರಲಿಲ್ಲ. ಚಿಕ್ಕವನಂತೆ ಬಿಕ್ಕಿದ.

ರಂಗಿ ಅವನನ್ನೇ ನೋಡಿ ಹತ್ತಿರ ಬಂದಳು.

"ಯಾಕ್ ಸಾಮಿ ಅಳ್ತೀರಿ? ಇಬ್ರೂ ಅವ್ರೆ."