ಹೆಲ್ಗಾ ಓಡಿಸುವ ಬಸ್ಸು

ಹಿರಿಯಡ್ಕ ಪೇಟೆಯಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಕಾರ್ಕಳದ ಬಸ್ಸಿನಿಂದ ಇಳಿದ ವಿದೇಶಿ ಮುದುಕಿಯೊಬ್ಬರು ತಲೆ ಸುತ್ತಿ ಅಂಗಡಿಯ ಜಗಲಿಯಲ್ಲಿ ಕುಸಿದು ಕೂತರು. ದನದ ಹಿಂಡಿ ಕೊಳ್ಳಲು ಬಂದಿದ್ದ ಉಮಾನಾಥ ಓಡಿಹೋಗಿ ಬೊಂಡ ಕೆತ್ತಿಸಿ ಎಳನೀರು ಕುಡಿಸಿದ. ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ಡ್ರೈವರ್ ಆಗಿದ್ದವನು, ಇಂಗ್ಲಿಷಿಗೆ ಹೆದರುವವನಲ್ಲ. ವಿಚಾರಿಸಿದರೆ ಹೆಸರು ಹೆಲ್ಗಾ, ಜರ್ಮನಿಯವರು. ಮಣಿಪಾಲದಲ್ಲಿ ಓದುವ ಮೊಮ್ಮಗಳನ್ನು ನೋಡಲು ಬಂದವರು, ಕಾರ್ಕಳದ ಗೊಮ್ಮಟನನ್ನು ಕಂಡು ಮರಳುತ್ತಿದ್ದರು.

“ನಾನೇ ಬಿಡ್ತೇನೆ ಅಮ್ಮ,” ಎಂದು ತನ್ನ ಓಮ್ನಿಯಲ್ಲಿ ಕೂರಿಸಿಕೊಂಡ.

ದಾರಿಯಲ್ಲಿ ಅವನು ಗೇರು ಬದಲಿಸುವುದನ್ನೇ ನೋಡುತ್ತಿದ್ದ ಹೆಲ್ಗಾ, “ನಾನೂ ಬಸ್ಸು ಓಡಿಸುತ್ತೇನೆ,” ಅಂದರು.

ಉಮಾನಾಥನಿಗೆ ನಗು ಬಂತು. “ಈ ಪ್ರಾಯದಲ್ಲಿ?”

“ಈಗ ಎಪ್ಪತ್ತೊಂದು. ಕಲಿತದ್ದು ಅರವತ್ತೆರಡಕ್ಕೆ.”

ಅವರ ಊರು ಸ್ಟೈನ್‌ಗ್ರುಂಡ್. ಎರಡು ಗುಡ್ಡಗಳ ನಡುವೆ ಹರಿಯುವ ಒಂದು ತೋಡು, ತೋಡಿನ ಬದಿಗೆ ಗಂಟೆಗೋಪುರದ ಇಗರ್ಜಿ, ಒಟ್ಟು ಒಂಬೈನೂರು ಜನ. ಗುಡ್ಡದ ಕಲ್ಲು ಸಾಗಿಸಲು ಅಜ್ಜನ ಕಾಲದಲ್ಲಿ ರೈಲು ಬಂದಿತ್ತಂತೆ. ಕಲ್ಲಿನ ಕೋರೆ ಮುಚ್ಚಿತು, ಹಳಿ ಕಿತ್ತರು. ಆಮೇಲೆ ಇದ್ದೊಂದು ಬಸ್ಸೂ ನಿಂತಿತು. ಆಸ್ಪತ್ರೆ ಇರುವುದು ಹನ್ನೆರಡು ಕಿಲೋಮೀಟರ್ ಆಚೆ.

“ನನ್ನ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎರಡು ವರ್ಷ ನೆರೆಮನೆಯವನು ತನ್ನ ಕಾರಿನಲ್ಲಿ ಕರೆದೊಯ್ದ. ಹಿಮ ಬಿದ್ದ ದಿನವೂ ತಪ್ಪಿಸಲಿಲ್ಲ. ಗಂಡ ತೀರಿಹೋದ ಮೇಲೆ, ನಿನ್ನ ಋಣ ಹೇಗೆ ತೀರಿಸಲಿ ಎಂದು ಕೇಳಿದೆ. ‘ಬೇರೆಯವರಿಗಾಗಿ ನೀನೂ ಓಡಿಸು’ ಅಂದ.”

ಊರಿನ ಆಡಳಿತ ಒಂದು ಸಣ್ಣ ಬಸ್ಸು ಕೊಟ್ಟಿತು. ಈಗ ಹನ್ನೊಂದು ಮಂದಿ ಸಂಬಳವಿಲ್ಲದೆ ಸರದಿಯಲ್ಲಿ ಓಡಿಸುತ್ತಾರೆ. ಬುಧವಾರ ಹೆಲ್ಗಾರ ಪಾಳಿ.

ಉಮಾನಾಥನಿಗೆ ತನ್ನ ಮನೆಯದೇ ಒಂದು ಸಂಗತಿ ನೆನಪಾಯಿತು. ಅವನು ಮಸ್ಕತ್ತಿನಲ್ಲಿದ್ದಾಗ, ಆಟಿ ತಿಂಗಳ ಜಡಿಮಳೆಯಲ್ಲಿ ಅಮ್ಮನಿಗೆ ಎದೆನೋವು ಬಂದಿತ್ತು. ನೆರೆಯ ಪೀಟರ್, ಊರವರ ಬಾಯಲ್ಲಿ ‘ಪೊರ್ಬುಗಳು’, ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿ ಉಳಿಸಿದ್ದರು. ಅಮ್ಮ ಮತ್ತೆ ಒಂಬತ್ತು ವರ್ಷ ಬಾಳಿದರು. ರಜೆಗೆ ಬಂದಾಗ ಒಂದು ಡಬ್ಬ ಖರ್ಜೂರ ಕೊಟ್ಟದ್ದು ಬಿಟ್ಟರೆ ಅವನು ಆ ಮಾತನ್ನೇ ಎತ್ತಿರಲಿಲ್ಲ.

ಹೆಲ್ಗಾರನ್ನು ಮೊಮ್ಮಗಳಿಗೆ ಒಪ್ಪಿಸಿ, ಸಂಜೆ ನೆಟ್ಟಗೆ ಪೊರ್ಬುಗಳ ಮನೆಗೆ ಹೋದ.

“ಅಮ್ಮನನ್ನು ಉಳಿಸಿದ್ದು ನೀವು. ಇಷ್ಟು ವರ್ಷ ಬಾಯಿಬಿಟ್ಟು ಹೇಳಲೇ ಇಲ್ಲ ನಾನು.”

“ಎಂತ ಮಾರಾಯ, ಅದೆಲ್ಲ ಈಗ ಯಾಕೆ?” ಎನ್ನುತ್ತ ಪೀಟರ್ ಮುಖ ತಿರುಗಿಸಿ, ಕಾಫಿಗೆಂದು ಹೆಂಡತಿ ರೋಸಲಿನ್‌ರನ್ನು ಎರಡೆರಡು ಸಲ ಕೂಗಿದರು.

ಉಮಾನಾಥ ಸ್ಟೈನ್‌ಗ್ರುಂಡಿನ ಸುದ್ದಿ ಹೇಳಿದ. ಲಾಕ್‌ಡೌನಿನಲ್ಲಿ ನಿಂತ ತಮ್ಮ ಹಳ್ಳಿಯ ಬಸ್ಸೂ ಮತ್ತೆ ಬಂದಿರಲಿಲ್ಲ. ನೆರೆಕರೆಯ ಮಂಡಿನೋವಿನ ಸುಂದರಿಯಕ್ಕ ಮದ್ದಿಗೆಂದು ಮೂರು ಕಿಲೋಮೀಟರ್ ನಡೆದು ಮುಖ್ಯರಸ್ತೆ ಸೇರಬೇಕಿತ್ತು.

“ಪ್ರತಿ ಮಂಗಳವಾರ ಊರವರನ್ನು ನಾನು ಪೇಟೆಗೆ ಕರೆದುಕೊಂಡು ಹೋಗ್ತೇನೆ,” ಎಂದ ಉಮಾನಾಥ.

“ಹಾಗಾದರೆ ಶುಕ್ರವಾರ ನನಗಿರಲಿ. ಜೀಪು ಉಂಟಲ್ಲ,” ಅಂದರು ಪೀಟರ್.

ಆ ಮಂಗಳವಾರ ಸುಂದರಿಯಕ್ಕ ಮುಂದಿನ ಸೀಟಿನಲ್ಲಿ ಕೂತು, ದಾರಿಯಲ್ಲಿ ಕಂಡವರಿಗೆಲ್ಲ ಕೈ ಬೀಸಿದರು. ಇಳಿಯುವಾಗ ಒಂದು ಕಟ್ಟು ಬಸಳೆಯನ್ನು ಸೀಟಿನ ಮೇಲಿಟ್ಟು, “ನಿನ್ನ ಹೆಂಡತಿ ಬೇಬಿಗೆ ಕೊಡು. ಅವಳಿಗೆ ಇಷ್ಟ ಅಲ್ವಾ?” ಅಂದರು.

ಬೇಡ ಎನ್ನಲು ಉಮಾನಾಥನಿಗೆ ಮನಸ್ಸಾಗಲಿಲ್ಲ.